ಕಸಿ ಮಾಡಿದ ಕಿಡ್ನಿಯನ್ನು ದೇಹ ಯಾಕೆ ಒಪ್ಪುವುದಿಲ್ಲ? ರೋಗನಿರೋಧಕ ಕೋಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಿಡ್ನಿ ಕಸಿ ಆದವರು, ಆಗಬೇಕಾದವರು, ಕಿಡ್ನಿ ಕೊಡಲು ಮುಂದೆ ಬಂದ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಅವರು ಕೇಳಿದ ಮಾತನ್ನೇ ಆದಷ್ಟು ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ರಿಜೆಕ್ಷನ್, ಅಂದರೆ ಕಸಿ ಮಾಡಿದ ಕಿಡ್ನಿಯನ್ನು ದೇಹ ಒಪ್ಪದಿರುವುದು, ಒಂದೇ ಕೋಶದ ಕೆಲಸವಲ್ಲ. ಹಲವು ಬಗೆಯ ಕೋಶಗಳು, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ದಾರಿಯಲ್ಲಿ ಇದನ್ನು ಮಾಡುತ್ತವೆ. ಇಷ್ಟು ಮನಸ್ಸಿನಲ್ಲಿದ್ದರೆ ಯಾಕೆ ಇಷ್ಟೊಂದು ಮಾತ್ರೆ, ಯಾಕೆ ಇಷ್ಟೊಂದು ಪರೀಕ್ಷೆ ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ. ನಿಮ್ಮ ಔಷಧಿ, ನಿಮ್ಮ ಡೋಸ್ ವಿಚಾರದಲ್ಲಿ ಕೊನೆಯ ಮಾತು ನಿಮ್ಮ ಕಸಿ ವೈದ್ಯರದ್ದು.

## ಮೊದಲಿಗೆ

ಕಿಡ್ನಿ ಕೊಟ್ಟಿದ್ದು ಹೆತ್ತ ಅಮ್ಮ. ಅದನ್ನೂ ದೇಹ ಬೇಡ ಅನ್ನುತ್ತಾ?

ಹೌದು, ಅನ್ನಬಹುದು. ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಎಚ್‌ಎಲ್‌ಎ ಅನ್ನುವ ಪ್ರೋಟೀನುಗಳು ಇರುತ್ತವೆ. ಇವುಗಳ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿವೆ. ಜನರಿಂದ ಜನಕ್ಕೆ ಇವು ತುಂಬಾ ಬದಲಾಗುತ್ತವೆ. ಇವುಗಳಲ್ಲಿ ಒಂದು ಕಂತು ಅಮ್ಮನಿಂದ ಬರುತ್ತದೆ, ಇನ್ನೊಂದು ಅಪ್ಪನಿಂದ. ಹಾಗಾಗಿ ಅಮ್ಮನ ಕಿಡ್ನಿಯಲ್ಲಿ ಅರ್ಧ ನಿಮ್ಮದೇ, ಉಳಿದರ್ಧ ನಿಮ್ಮ ದೇಹ ಕಾಣದ್ದು. ಆ ಉಳಿದರ್ಧದ ಮೇಲೆ ರೋಗನಿರೋಧಕ ಕೋಶಗಳ ಕಣ್ಣು ಬೀಳುತ್ತದೆ.

ಒಡಹುಟ್ಟಿದವರಲ್ಲಿ ಲೆಕ್ಕ ಬೇರೆ. ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು. ಪೂರ್ತಿ ಹೊಂದಿದ ಅಣ್ಣನ ಕಿಡ್ನಿ ಬಂದರೂ ಮಾತ್ರೆ ತಪ್ಪುವುದಿಲ್ಲ, ಏಕೆಂದರೆ ಎಚ್‌ಎಲ್‌ಎ ಬಿಟ್ಟು ಬೇರೆ ಸಣ್ಣ ವ್ಯತ್ಯಾಸಗಳೂ ಇರುತ್ತವೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಮಾತ್ರ ಈ ತೊಂದರೆ ಇಲ್ಲ.

ರಿಜೆಕ್ಷನ್ ಅಂದ್ರೆ ಕಿಡ್ನಿ ಹೋಯ್ತು ಅಂತಾನಾ?

ಅಲ್ಲ. ಈ ಪದ ಕೇಳಿದ ಕೂಡಲೇ ಎಷ್ಟೋ ಜನ ಕುಸಿದು ಹೋಗುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ರಿಜೆಕ್ಷನ್ ಅಂದರೆ ದೇಹದ ಕೋಶಗಳು ಕಿಡ್ನಿಯ ಮೇಲೆ ದಾಳಿ ಶುರು ಮಾಡಿವೆ ಎಂದು ಅರ್ಥ. ಬೇಗ ಗೊತ್ತಾದರೆ ಹೆಚ್ಚಿನ ಬಾರಿ ಅದನ್ನು ತಡೆಯಬಹುದು.

ಹೊತ್ತು ನೋಡಿ ಇದನ್ನು ಮೂರಾಗಿ ಹೇಳುವುದು ರೂಢಿ. ಕಸಿ ಮಾಡಿದ ನಿಮಿಷಗಳಲ್ಲಿ, ಗಂಟೆಗಳಲ್ಲಿ ಆಗುವುದು ಒಂದು. ದೇಹದಲ್ಲಿ ಮೊದಲೇ ಇದ್ದ ಆಂಟಿಬಾಡಿಗಳು (ತನ್ನದಲ್ಲದ್ದಕ್ಕೆ ಹೋಗಿ ಅಂಟುವ ರಕ್ತದ ಪ್ರೋಟೀನುಗಳು) ಇದಕ್ಕೆ ಕಾರಣ, ಮತ್ತು ಈಗಿನ ಪರೀಕ್ಷೆಗಳಿಂದಾಗಿ ಇದು ಬಹಳ ಅಪರೂಪ. ದಿನಗಳಿಂದ ತಿಂಗಳುಗಳ ಒಳಗೆ ಆಗುವ ತೀವ್ರ ರಿಜೆಕ್ಷನ್ ಎರಡನೆಯದು. ಮೂರನೆಯದು ತಿಂಗಳು, ವರ್ಷ ಹಿಡಿದು ಮೆಲ್ಲಗೆ ಸಾಗುವ ದೀರ್ಘಕಾಲದ ರಿಜೆಕ್ಷನ್. ನನ್ನ ಮಟ್ಟಿಗೆ ಹೊತ್ತಿಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ದಾಳಿ ಮಾಡುತ್ತಿರುವುದು ಟಿ ಕೋಶಗಳೋ (ಒಂದು ಬಗೆಯ ಬಿಳಿ ರಕ್ತಕಣಗಳು), ಆಂಟಿಬಾಡಿಯೋ, ಎರಡೂ ಸೇರಿಯೋ? ಚಿಕಿತ್ಸೆ ನಿಂತಿರುವುದು ಇದರ ಮೇಲೆ.

ಇದೆಲ್ಲ ಕೋಶಗಳ ಕೆಲಸ ಅಂತ ಹೇಗೆ ಕಂಡುಹಿಡಿದರು?

ಎರಡನೇ ಮಹಾಯುದ್ಧದ ಹೊತ್ತು. ಸುಟ್ಟ ಗಾಯಗಳಿಗೆ ಬೇರೆಯವರ ಚರ್ಮ ಹಚ್ಚಿ ನೋಡುತ್ತಿದ್ದರು. ಅದು ಕೆಲವು ದಿನ ನಿಂತು ಉದುರಿಹೋಗುತ್ತಿತ್ತು. ಪೀಟರ್ ಮೆಡವಾರ್ ಮತ್ತು ಥಾಮಸ್ ಗಿಬ್ಸನ್ 1943ರಲ್ಲಿ ಒಂದು ವಿಷಯ ಗಮನಿಸಿದರು. ಅದೇ ದಾನಿಯ ಚರ್ಮವನ್ನು ಎರಡನೇ ಸಲ ಹಚ್ಚಿದರೆ ಮೊದಲಿಗಿಂತ ಬೇಗ ಉದುರುತ್ತದೆ. ಅಂದರೆ ದೇಹ ಅದನ್ನು ನೆನಪಿಟ್ಟುಕೊಂಡಿದೆ. ನೆನಪು ರೋಗನಿರೋಧಕ ವ್ಯವಸ್ಥೆಯ ಗುಣ.

1950ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಚರ್ಮವನ್ನು ತಿರಸ್ಕರಿಸಿದ ಇಲಿಯ ಲಿಂಫ್ ಗ್ರಂಥಿಯ ಕೋಶಗಳನ್ನು ಇನ್ನೊಂದು ಇಲಿಗೆ ಕೊಟ್ಟರೆ ಆ ನೆನಪೂ ಜೊತೆಗೆ ಹೋಗುತ್ತಿತ್ತು. ಬರೀ ರಕ್ತದ ಸೀರಂ (ಕೋಶಗಳಿಲ್ಲದ ತಿಳಿ ದ್ರವ) ಕೊಟ್ಟರೆ ಹೋಗುತ್ತಿರಲಿಲ್ಲ. ಕೋಶಗಳೇ ಇದನ್ನು ಮಾಡುತ್ತಿವೆ ಅನ್ನುವುದು ಆಗ ಗಟ್ಟಿಯಾಯಿತು.

1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರ ತಂಡ ಒಂದೇ ಅಂಡದಿಂದ ಹುಟ್ಟಿದ ಅವಳಿ ಅಣ್ಣತಮ್ಮಂದಿರ ನಡುವೆ ಕಿಡ್ನಿ ಕಸಿ ಮಾಡಿತು. ರೊನಾಲ್ಡ್ ಹೆರಿಕ್ ಕೊಟ್ಟ ಕಿಡ್ನಿಯಿಂದ ರಿಚರ್ಡ್ ಹೆರಿಕ್ ಎಂಟು ವರ್ಷ ಬದುಕಿದರು. ಶಸ್ತ್ರಚಿಕಿತ್ಸೆ ಸಾಧ್ಯ, ಅಡ್ಡಿ ಇರುವುದು ಕೋಶಗಳಲ್ಲಿ ಅನ್ನುವುದನ್ನು ಈ ಕಸಿ ತೋರಿಸಿಕೊಟ್ಟಿತು. ಮೆಡವಾರ್‌ಗೆ 1960ರಲ್ಲಿ, ಮರ್ರೆಗೆ 1990ರಲ್ಲಿ ನೊಬೆಲ್ ಬಂತು.

## ಯಾವ ಕೋಶ ಏನು ಮಾಡುತ್ತದೆ

ಹೊಸ ಕಿಡ್ನಿ ಬಂದಿರೋದು ದೇಹಕ್ಕೆ ಗೊತ್ತಾಗೋದಾದ್ರೂ ಹೇಗೆ?

ಮೊದಲ ಸುಳಿವು ಕೊಡುವುದು ಗಾಯ. ದಾನಿಯ ದೇಹದಿಂದ ತೆಗೆದ ಕಿಡ್ನಿಗೆ ಸ್ವಲ್ಪ ಹೊತ್ತು ರಕ್ತ ಇರುವುದಿಲ್ಲ. ಮತ್ತೆ ರಕ್ತ ಹರಿದಾಗ ಅದರ ಕೋಶಗಳಿಗೆ ಪೆಟ್ಟು ಬೀಳುತ್ತದೆ. ಪೆಟ್ಟು ತಿಂದ ಕೋಶಗಳು ಹೊರಬಿಡುವ ರಾಸಾಯನಿಕಗಳನ್ನು ಹಿಡಿದು ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಕೋಶಗಳು ಮೊದಲು ಬಂದು ಸೇರುತ್ತವೆ. ಇವಕ್ಕೆ ಕಿಡ್ನಿ ಯಾರದು ಅನ್ನುವುದು ಇನ್ನೂ ಮುಖ್ಯವಲ್ಲ, ಗಾಯ ಆಗಿದೆ ಅನ್ನುವುದಷ್ಟೇ ಸಾಕು. ಮೆದುಳು ಸತ್ತ ದಾನಿಯ ಕಿಡ್ನಿಯಲ್ಲಿ ಈ ಉರಿಯೂತ ಜಾಸ್ತಿ. ಬದುಕಿರುವ ದಾನಿಯ ಕಿಡ್ನಿ ಸಾಮಾನ್ಯವಾಗಿ ಚೆನ್ನಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ.

"ಇದು ನಮ್ಮದಲ್ಲ" ಅನ್ನುವ ಸುದ್ದಿ ಒಯ್ಯುವುದು ಡೆಂಡ್ರಿಟಿಕ್ ಕೋಶಗಳು. ಇವನ್ನು 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್‌ವಿಲ್ ಕೋನ್ ಗುರುತಿಸಿದರು. ಸುದ್ದಿ ಹೋಗುವ ದಾರಿ ಒಂದೇ ಅಲ್ಲ. ಕಿಡ್ನಿಯ ಜೊತೆಗೇ ಬಂದ ದಾನಿಯ ಡೆಂಡ್ರಿಟಿಕ್ ಕೋಶಗಳು ನಿಮ್ಮ ಲಿಂಫ್ ಗ್ರಂಥಿ, ಗುಲ್ಮಗಳಿಗೆ ಹೋಗಿ ತಮ್ಮ ಎಚ್‌ಎಲ್‌ಎಯನ್ನು ಅಲ್ಲಿನ ಟಿ ಕೋಶಗಳಿಗೆ ನೇರವಾಗಿ ತೋರಿಸುತ್ತವೆ. ಇದು ನೇರ ದಾರಿ. ನಿಮ್ಮದೇ ಡೆಂಡ್ರಿಟಿಕ್ ಕೋಶಗಳು ದಾನಿಯ ಪ್ರೋಟೀನನ್ನು ನುಂಗಿ, ತುಂಡು ಮಾಡಿ, ಆ ತುಂಡುಗಳನ್ನು ತೋರಿಸುವುದು ಪರೋಕ್ಷ ದಾರಿ. ಇವೆರಡರ ನಡುವೆ ಇನ್ನೊಂದಿದೆ: ದಾನಿಯ ಎಚ್‌ಎಲ್‌ಎಯನ್ನು ಇಡಿಯಾಗಿ ತಮ್ಮ ಮೈಮೇಲೆ ಹೊತ್ತು ತೋರಿಸುವುದು.

ದಾನಿಯ ಡೆಂಡ್ರಿಟಿಕ್ ಕೋಶಗಳು ಹೆಚ್ಚು ದಿನ ಬದುಕುವುದಿಲ್ಲ. ಹಾಗಾಗಿ ನೇರ ದಾರಿಯ ಅಬ್ಬರ ಮೊದಲ ತಿಂಗಳುಗಳಲ್ಲಿ ಜಾಸ್ತಿ. ಪರೋಕ್ಷ ದಾರಿ ಮಾತ್ರ ಕಿಡ್ನಿ ಇರುವವರೆಗೂ ತೆರೆದೇ ಇರುತ್ತದೆ. ದೀರ್ಘಕಾಲದ ರಿಜೆಕ್ಷನ್ನಿಗೆ ದೊಡ್ಡ ಆಸರೆ ಇದೇ.

ಟಿ ಸೆಲ್ ಕಿಡ್ನಿ ಒಳಗೆ ಹೋಗಿ ನಿಜವಾಗಿ ಏನು ಮಾಡುತ್ತೆ?

ಸ್ವಲ್ಪ ನಿಧಾನವಾಗಿ ಓದಿ, ಇಡೀ ವಿಷಯದ ತಿರುಳು ಇಲ್ಲಿದೆ.

ಟಿ ಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಸಾಮಾನ್ಯ ವೈರಸ್ ಬಂದಾಗ ಅದನ್ನು ಗುರುತಿಸುವ ಟಿ ಕೋಶಗಳು ಲಕ್ಷಕ್ಕೆ ಒಂದೋ, ಅದಕ್ಕೂ ಕಡಿಮೆಯೋ ಇರುತ್ತವೆ. ಬೇರೆಯವರ ಎಚ್‌ಎಲ್‌ಎ ಕಂಡರೆ ಹಾಗಲ್ಲ, ನೂರಕ್ಕೆ ಒಂದರಿಂದ ಹತ್ತರಷ್ಟು ಟಿ ಕೋಶಗಳು ಎದ್ದು ನಿಲ್ಲಬಹುದು. ಕಸಿಗೆ ದೇಹ ತೋರುವ ಪ್ರತಿರೋಧ ಇಷ್ಟು ಜೋರಾಗಿರುವುದು ಇದರಿಂದ.

ಟಿ ಕೋಶ ಸುಮ್ನೆ ಕಂಡ ಕೂಡಲೇ ದಾಳಿ ಮಾಡುವುದಿಲ್ಲ. ಅದಕ್ಕೆ ಮೂರು ಸಂಕೇತ ಬೇಕು. ಡೆಂಡ್ರಿಟಿಕ್ ಕೋಶ ತೋರಿಸಿದ ಎಚ್‌ಎಲ್‌ಎಯನ್ನು ಅದರ ಗ್ರಾಹಕ ಹಿಡಿಯುವುದು ಮೊದಲನೆಯದು. ಟಿ ಕೋಶದ ಮೈಮೇಲಿನ ಸಿಡಿ28 ಮತ್ತು ಡೆಂಡ್ರಿಟಿಕ್ ಕೋಶದ ಮೈಮೇಲಿನ ಸಿಡಿ80, ಸಿಡಿ86 ಅನ್ನುವ ಪ್ರೋಟೀನುಗಳು ಒಂದಕ್ಕೊಂದು ಅಂಟುವುದು ಎರಡನೆಯದು. ಮೊದಲನೆಯದು ಮಾತ್ರ ಸಿಕ್ಕಿ ಎರಡನೆಯದು ಸಿಗದಿದ್ದರೆ ಟಿ ಕೋಶ ಮಂಕಾಗಿ ಕೂರುತ್ತದೆ. ಮೂರನೆಯದು ಇಂಟರ್‌ಲ್ಯೂಕಿನ್-2ರಂಥ ಸೈಟೋಕೈನ್‌ಗಳು, ಅಂದರೆ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವ ಪ್ರೋಟೀನುಗಳು. ಇವು ಸಿಕ್ಕಿದ ಮೇಲೆ ಕೋಶ ಒಡೆದು ಒಡೆದು ಸಾವಿರಾರು ಆಗುತ್ತದೆ.

ಆಮೇಲೆ ಅವು ರಕ್ತದಲ್ಲಿ ಹರಿದು ಕಿಡ್ನಿ ತಲುಪುತ್ತವೆ. ಅವುಗಳಲ್ಲಿ ಸಿಡಿ8 ಅನ್ನುವ ಬಗೆಯ ಟಿ ಕೋಶಗಳು ಕಿಡ್ನಿಯ ಕೋಶಕ್ಕೆ ಒತ್ತಿಕೊಂಡು ನಿಂತು ಪರ್ಫೋರಿನ್ ಅನ್ನುವ ಪ್ರೋಟೀನ್ ಬಿಡುತ್ತವೆ. ಅದು ಪೊರೆಯಲ್ಲಿ ತೂತು ಮಾಡುತ್ತದೆ. ಆ ದಾರಿಯಿಂದ ಒಳಹೋದ ಗ್ರಾಂಜೈಮ್ ಅನ್ನುವ ಕಿಣ್ವ ಆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಸಿಡಿ4 ಅನ್ನುವ ಇನ್ನೊಂದು ಬಗೆಯ ಟಿ ಕೋಶಗಳು ಹೆಚ್ಚಾಗಿ ಬೇರೆ ಕೋಶಗಳಿಂದ ಕೆಲಸ ಮಾಡಿಸುತ್ತವೆ. ಅವು ಬಿಡುವ ಇಂಟರ್‌ಫೆರಾನ್ ಗಾಮಾ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತದೆ. ಅಷ್ಟೇ ಅಲ್ಲ, ಕಿಡ್ನಿಯ ಕೋಶಗಳು ತಮ್ಮ ಮೈಮೇಲೆ ಇನ್ನಷ್ಟು ಎಚ್‌ಎಲ್‌ಎ ತೋರಿಸುವಂತೆ ಮಾಡುತ್ತದೆ. ಅಂದರೆ ದಾಳಿ ನಡೆದಷ್ಟೂ ಗುರಿ ಇನ್ನೂ ಎದ್ದು ಕಾಣುತ್ತದೆ. ತಡ ಮಾಡಬಾರದು ಅನ್ನುವುದು ಇದಕ್ಕೇ.

ಬಯಾಪ್ಸಿಯಲ್ಲಿ (ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಇದು ಕಣ್ಣಿಗೆ ಕಾಣುತ್ತದೆ. ಮೂತ್ರ ಸಾಗುವ ಸಣ್ಣ ನಳಿಕೆಗಳ ಗೋಡೆಯೊಳಗೆ ಟಿ ಕೋಶಗಳು ನುಗ್ಗಿರುತ್ತವೆ. ವರದಿಯಲ್ಲಿ ಇದನ್ನು ಟ್ಯುಬ್ಯುಲೈಟಿಸ್ ಎಂದು ಬರೆಯುತ್ತಾರೆ. ರಕ್ತನಾಳದ ಒಳಪದರದ ಕೆಳಗೂ ನುಗ್ಗಿದ್ದರೆ ರಿಜೆಕ್ಷನ್ ಇನ್ನೂ ಜೋರಾಗಿದೆ ಎಂದು ಅರ್ಥ.

ಮ್ಯಾಕ್ರೋಫೇಜ್ ಅಂದ್ರೆ ಕಸ ತಿನ್ನೋ ಕೋಶ ಅಲ್ವಾ? ಅದಕ್ಕೂ ಇದಕ್ಕೂ ಏನು?

ಸತ್ತ ಕೋಶಗಳನ್ನು ತಿನ್ನುತ್ತದೆ, ನಿಜ. ಆದರೆ ತೀವ್ರ ರಿಜೆಕ್ಷನ್ ಆದ ಕಿಡ್ನಿಯಲ್ಲಿ ಟಿ ಕೋಶಗಳ ಪಕ್ಕದಲ್ಲೇ ಮ್ಯಾಕ್ರೋಫೇಜ್‌ಗಳೂ ದೊಡ್ಡ ಸಂಖ್ಯೆಯಲ್ಲಿರುತ್ತವೆ. ಉರಿಯೂತದ ರಾಸಾಯನಿಕಗಳನ್ನು ಬಿಟ್ಟು ಕಿಡ್ನಿಯನ್ನು ಕೆಡಿಸುತ್ತವೆ. ಮುಂದೆ ಗಾಯ ಮಾಯಿಸುವ ಹೆಸರಿನಲ್ಲಿ ನಾರು ಕಟ್ಟುವುದಕ್ಕೂ ಇವು ಕೈಹಾಕುತ್ತವೆ. ಆ ನಾರು ಕಟ್ಟಿದ ಜಾಗ ಮತ್ತೆ ಕೆಲಸ ಮಾಡುವುದಿಲ್ಲ.

ಬಿ ಸೆಲ್ ಆಂಟಿಬಾಡಿ ಮಾಡುತ್ತೆ. ಅಷ್ಟೇ ಅಲ್ವಾ ಅದರ ಕೆಲಸ?

ಅಷ್ಟೇ ಅಲ್ಲ. ಬಿ ಕೋಶ ದಾನಿಯ ಪ್ರೋಟೀನನ್ನು ಹಿಡಿದು ಟಿ ಕೋಶಗಳಿಗೂ ತೋರಿಸುತ್ತದೆ. ಅದಕ್ಕೆ ಪ್ರತಿಯಾಗಿ ಫಾಲಿಕ್ಯುಲರ್ ಹೆಲ್ಪರ್ ಅನ್ನುವ ಬಗೆಯ ಟಿ ಕೋಶ ಬಿ ಕೋಶಕ್ಕೆ ಒತ್ತಾಸೆ ಕೊಡುತ್ತದೆ. ಈ ಸಹಾಯ ಸಿಕ್ಕ ಬಿ ಕೋಶಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾಗಿ ಆಂಟಿಬಾಡಿ ಸುರಿಸುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಕೆಲವು ಪ್ಲಾಸ್ಮಾ ಕೋಶಗಳು ಅಸ್ಥಿಮಜ್ಜೆಯಲ್ಲಿ ನೆಲೆಸಿ ವರ್ಷಗಟ್ಟಲೆ ಬದುಕುತ್ತವೆ.

ದಾನಿಯ ಎಚ್‌ಎಲ್‌ಎ ಮೇಲೆಯೇ ಗುರಿ ಇಟ್ಟ ಆಂಟಿಬಾಡಿಯನ್ನು ವರದಿಗಳಲ್ಲಿ ಡಿಎಸ್‌ಎ ಎಂದು ಬರೆಯುತ್ತಾರೆ. ಇದು ಹೋಗಿ ಅಂಟುವುದು ಕಿಡ್ನಿಯ ರಕ್ತನಾಳಗಳ ಒಳಗೋಡೆಗೆ. ಟಿ ಕೋಶದ ದಾಳಿ ಹೆಚ್ಚಾಗಿ ನಳಿಕೆಗಳಲ್ಲಿ ಕಂಡರೆ, ಆಂಟಿಬಾಡಿಯ ದಾಳಿ ಸೂಕ್ಷ್ಮ ರಕ್ತನಾಳಗಳಲ್ಲಿ ಕಾಣುತ್ತದೆ. ಅಂಟಿದ ಆಂಟಿಬಾಡಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಸಾಲನ್ನು ಕೆರಳಿಸುತ್ತದೆ. ಅದರ ಗುರುತಾಗಿ ಸಿ4ಡಿ ಅನ್ನುವ ತುಂಡು ನಾಳದ ಗೋಡೆಯಲ್ಲಿ ಉಳಿಯುತ್ತದೆ. ಬಯಾಪ್ಸಿಯಲ್ಲಿ ಅದಕ್ಕೆ ಬಣ್ಣ ಹಾಕಿ ಹುಡುಕುತ್ತಾರೆ. ಸಿ4ಡಿ ಕಾಣದಿದ್ದರೂ ಆಂಟಿಬಾಡಿ ರಿಜೆಕ್ಷನ್ ಇರಬಹುದು, ಇದು ನೆನಪಿರಲಿ.

ವೈದ್ಯರು ಎನ್‌ಕೆ ಸೆಲ್ ಅಂದ್ರು. ಇದ್ಯಾವುದು ಹೊಸದು?

ನ್ಯಾಚುರಲ್ ಕಿಲ್ಲರ್ ಕೋಶ. ಕೋಶ ಹಳೆಯದೇ, ಕಸಿಯಲ್ಲಿ ಅದರ ಪಾತ್ರ ಚೆನ್ನಾಗಿ ಗೊತ್ತಾಗಿದ್ದು ಈಚೆಗೆ. ಇದರ ಮೈಮೇಲೆ ಸಿಡಿ16 ಅನ್ನುವ ಗ್ರಾಹಕ ಇದೆ. ರಕ್ತನಾಳಕ್ಕೆ ಅಂಟಿದ ಆಂಟಿಬಾಡಿಯ ಬಾಲವನ್ನು ಅದು ಹಿಡಿದುಕೊಂಡು ಆ ಗೋಡೆಯ ಕೋಶವನ್ನು ಕೊಲ್ಲುತ್ತದೆ. ಕಾಂಪ್ಲಿಮೆಂಟ್ ಇಲ್ಲದೆಯೂ ಆಂಟಿಬಾಡಿ ಹಾನಿ ಮಾಡಬಲ್ಲದು ಅನ್ನುವುದಕ್ಕೆ ಇದು ಕಾರಣ.

ಇನ್ನೊಂದು ದಾರಿಯೂ ಇದೆ. ಎನ್‌ಕೆ ಕೋಶ ಎದುರಿನ ಕೋಶದ ಮೇಲೆ ತನ್ನ ಎಚ್‌ಎಲ್‌ಎ ಇದೆಯೇ ಎಂದು ತಡವಿ ನೋಡುತ್ತದೆ. ಇದ್ದರೆ ಸುಮ್ಮನಿರುತ್ತದೆ. ಇಲ್ಲದಿದ್ದರೆ ತಾನೇ ಎದ್ದುಬಿಡಬಹುದು, ಆಂಟಿಬಾಡಿ ಬೇಕಿಲ್ಲ.

ನನಗೆ ಎರಡು ಹೆರಿಗೆ ಆಗಿದೆ, ಒಮ್ಮೆ ರಕ್ತ ಹಾಕಿಸಿದ್ದಾರೆ. ಅದಕ್ಕೂ ಕಸಿಗೂ ಏನು ಸಂಬಂಧ?

ಇದನ್ನು ನೀವೇ ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ. ಮಗುವಿನಲ್ಲಿ ತಂದೆಯ ಎಚ್‌ಎಲ್‌ಎ ಅರ್ಧ ಇರುತ್ತದೆ. ಬಸಿರಿನಲ್ಲಿ, ಹೆರಿಗೆಯಲ್ಲಿ ತಾಯಿಯ ಕೋಶಗಳು ಅದನ್ನು ಕಂಡು ನೆನಪಿಟ್ಟುಕೊಳ್ಳಬಹುದು. ರಕ್ತದ ಜೊತೆ ಬರುವ ಬಿಳಿ ರಕ್ತಕಣಗಳಿಂದಲೂ, ಹಿಂದಿನ ಕಸಿಯಿಂದಲೂ ಹೀಗೇ ಆಗುತ್ತದೆ. ಗರ್ಭಪಾತ ಆಗಿದ್ದರೆ ಅದನ್ನೂ ಹೇಳಿ.

ನೆನಪಿನ ಟಿ ಕೋಶಗಳಿಗೆ ಎರಡನೇ ಸಂಕೇತದ ಅಗತ್ಯ ಅಷ್ಟಾಗಿ ಇಲ್ಲ. ಲಿಂಫ್ ಗ್ರಂಥಿಯವರೆಗೆ ಹೋಗಿ ಕಲಿತು ಬರಬೇಕಾಗಿಲ್ಲ. ಬೇಗ ಎದ್ದುಬಿಡುತ್ತವೆ, ಮಾತ್ರೆಗೂ ಸುಲಭವಾಗಿ ಜಗ್ಗುವುದಿಲ್ಲ. ಗಂಡ ಹೆಂಡತಿಗೆ ಕಿಡ್ನಿ ಕೊಡುವಾಗ ಇದು ಇನ್ನೂ ಮುಖ್ಯ. ಮಗುವಿನ ಮೂಲಕ ಆಕೆಯ ದೇಹ ಕಂಡದ್ದು ಅವನ ಎಚ್‌ಎಲ್‌ಎಯನ್ನೇ ಅಲ್ವಾ?

## ಪರೀಕ್ಷೆಗಳು

ಬ್ಲಡ್ ಗ್ರೂಪ್ ಹೊಂದಿದೆ. ಮತ್ತೆ ಕ್ರಾಸ್‌ಮ್ಯಾಚ್ ಯಾಕೆ?

ಬ್ಲಡ್ ಗ್ರೂಪ್ ಒಂದು ತೊಡಕನ್ನಷ್ಟೇ ಕಳೆಯುತ್ತದೆ. ಎ, ಬಿ ಗುರುತುಗಳು ರಕ್ತನಾಳದ ಗೋಡೆಯಲ್ಲೂ ಇರುವುದರಿಂದ ಅದನ್ನು ನೋಡಲೇಬೇಕು. ಗ್ರೂಪ್ ಹೊಂದದಿದ್ದರೂ ಮೊದಲೇ ಆಂಟಿಬಾಡಿ ಇಳಿಸಿ ಕಸಿ ಮಾಡುವ ವಿಧಾನ ಈಗ ಇದೆ.

ಕ್ರಾಸ್‌ಮ್ಯಾಚ್ ಕೇಳುವ ಪ್ರಶ್ನೆ ಬೇರೆ: ಈ ದಾನಿಯ ಕೋಶಗಳ ಮೇಲೆ ದಾಳಿ ಮಾಡುವ ಆಂಟಿಬಾಡಿ ನಿಮ್ಮ ರಕ್ತದಲ್ಲಿ ಈಗಲೇ ಇದೆಯೇ? ದಾನಿಯ ಬಿಳಿ ರಕ್ತಕಣಗಳ ಜೊತೆ ನಿಮ್ಮ ಸೀರಂ ಬೆರೆಸಿ ನೋಡುತ್ತಾರೆ. 1969ರಲ್ಲಿ ಪಟೇಲ್ ಮತ್ತು ಪಾಲ್ ತೆರಸಾಕಿ ಅವರು ಈ ಪರೀಕ್ಷೆ ಪಾಸಿಟಿವ್ ಇದ್ದವರಲ್ಲಿ ಹೆಚ್ಚಿನವರ ಕಿಡ್ನಿ ಕಸಿಯಾದ ಕೂಡಲೇ ಕೈಕೊಡುತ್ತದೆ ಎಂದು ತೋರಿಸಿದರು. ಅಂದಿನಿಂದ ಇದು ಕಡ್ಡಾಯದಂತೆ ನಡೆದುಕೊಂಡು ಬಂದಿದೆ.

ಕ್ರಿಯಾಟಿನಿನ್ ಚೂರೇ ಚೂರು ಜಾಸ್ತಿ ಆಗಿದೆ. ನೋವಿಲ್ಲ, ಜ್ವರ ಇಲ್ಲ. ಬಯಾಪ್ಸಿ ಬೇಕೇ ಬೇಕಾ?

ಬೇಕಾಗಬಹುದು. ಈಗಿನ ಔಷಧಿಗಳ ಕಾಲದಲ್ಲಿ ರಿಜೆಕ್ಷನ್ನಿಗೆ ನೋವು, ಜ್ವರ ಇರುವುದು ಕಡಿಮೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಲ್ಮಶ; ಅದು ಏರುವುದು ಹಾನಿ ಆದ ಮೇಲೆ, ಹಾನಿಗೆ ಮೊದಲು ಅಲ್ಲ. ಹಾಗಾಗಿ "ಚೂರು" ಅಂತ ಬಿಡುವಂತಿಲ್ಲ.

ಕ್ರಿಯಾಟಿನಿನ್ ಏರಿದ್ದಕ್ಕೆ ಕಾರಣ ರಿಜೆಕ್ಷನ್ ಅಲ್ಲದೆಯೂ ಇರಬಹುದು. ನೀರು ಕಡಿಮೆ ಕುಡಿದಿದ್ದು, ಟ್ಯಾಕ್ರೋಲಿಮಸ್ ಅನ್ನುವ ರಿಜೆಕ್ಷನ್ ತಡೆಯುವ ಮಾತ್ರೆಯ ಮಟ್ಟ ರಕ್ತದಲ್ಲಿ ಏರಿದ್ದು, ಮೂತ್ರನಾಳದಲ್ಲಿ ಅಡ್ಡಿ, ಹಳೆಯ ಕಾಯಿಲೆ ಮರಳಿದ್ದು, ಬಿಕೆ ವೈರಸ್. ಬಿಕೆ ವೈರಸ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲೂ ಕಿಡ್ನಿಯೊಳಗೆ ಟಿ ಕೋಶಗಳು ತುಂಬಿರುತ್ತವೆ. ನೋಡಲು ರಿಜೆಕ್ಷನ್ ಥರವೇ ಕಾಣುತ್ತದೆ. ಆದರೆ ಚಿಕಿತ್ಸೆ ಪೂರ್ತಿ ಉಲ್ಟಾ: ರಿಜೆಕ್ಷನ್ನಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಹೆಚ್ಚಿಸಬೇಕು, ಬಿಕೆ ವೈರಸ್ಸಿಗೆ ತಗ್ಗಿಸಬೇಕು. ಊಹೆಯ ಮೇಲೆ ನಡೆಯಲು ಆಗದು ಅನ್ನುವುದು ಇದಕ್ಕೆ.

ಬಯಾಪ್ಸಿ ಅಂದರೆ ಸೂಜಿಯಿಂದ ಕಿಡ್ನಿಯ ಸಣ್ಣ ಎಳೆ ತೆಗೆಯುವುದು. ಅದನ್ನು ಬ್ಯಾನ್ಫ್ ವರ್ಗೀಕರಣದ ಪ್ರಕಾರ ಅಳೆಯುತ್ತಾರೆ. ಕೆನಡಾದ ಬ್ಯಾನ್ಫ್ ಊರಿನಲ್ಲಿ 1991ರಲ್ಲಿ ಸೇರಿದ ತಜ್ಞರು ಶುರು ಮಾಡಿದ ಪದ್ಧತಿ ಇದು, ಇಂದಿಗೂ ಪರಿಷ್ಕರಣೆ ಆಗುತ್ತಲೇ ಇದೆ. ದಾನಿಯ ಕಿಡ್ನಿಯಿಂದ ರಕ್ತಕ್ಕೆ ಸೋರುವ ಡಿಎನ್‌ಎ ತುಣುಕುಗಳನ್ನು ಅಳೆಯುವ ರಕ್ತಪರೀಕ್ಷೆಯೂ ಈಗ ಬಂದಿದೆ. ಅದು ಹಾನಿ ಆಗುತ್ತಿದೆ ಎಂದು ಸುಳಿವು ಕೊಡುತ್ತದೆ, ಯಾವ ಕೋಶ ಮಾಡುತ್ತಿದೆ ಎಂದು ಹೇಳುವುದಿಲ್ಲ.

## ಔಷಧಿಗಳು

ಮೂರು ಮೂರು ಮಾತ್ರೆ ಯಾಕೆ? ಒಂದೇ ಸ್ಟ್ರಾಂಗ್ ಮಾತ್ರೆ ಸಾಲದಾ?

ಒಂದೊಂದು ಮಾತ್ರೆಯೂ ಒಂದೊಂದು ಕಡೆ ತಡೆಯುತ್ತದೆ. ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೋರಿನ್, ಟಿ ಕೋಶದೊಳಗಿನ ಕ್ಯಾಲ್ಸಿನ್ಯೂರಿನ್ ಅನ್ನುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಮೊದಲ ಸಂಕೇತ ಸಿಕ್ಕರೂ ಇಂಟರ್‌ಲ್ಯೂಕಿನ್-2 ತಯಾರಾಗುವುದಿಲ್ಲ. ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಮೈಕೋಫಿನೋಲೇಟ್ ಕೋಶ ಒಡೆದು ಹೆಚ್ಚುವುದನ್ನೇ ತಡೆಯುತ್ತದೆ. ಡಿಎನ್‌ಎ ಕಟ್ಟಲು ಬೇಕಾದ ಪ್ಯೂರಿನ್ ಅನ್ನು ಬೇರೆ ಕೋಶಗಳು ಹಳೆಯದರಿಂದ ಹೊಂದಿಸಿಕೊಳ್ಳಬಲ್ಲವು. ಟಿ ಮತ್ತು ಬಿ ಕೋಶಗಳು ಹೆಚ್ಚಾಗಿ ಹೊಸದಾಗಿ ಮಾಡಿಕೊಳ್ಳುವುದನ್ನೇ ನೆಚ್ಚಿವೆ. ಆ ದಾರಿಯನ್ನು ಈ ಮಾತ್ರೆ ಮುಚ್ಚುತ್ತದೆ. ಸ್ಟೀರಾಯ್ಡ್ ಹಲವು ಸೈಟೋಕೈನ್‌ಗಳನ್ನು ಒಟ್ಟಿಗೆ ತಗ್ಗಿಸುತ್ತದೆ, ಮ್ಯಾಕ್ರೋಫೇಜ್‌ಗಳ ಆಟವನ್ನೂ.

ಒಂದನ್ನೇ ದೊಡ್ಡ ಡೋಸಿನಲ್ಲಿ ಕೊಟ್ಟರೆ ಅಡ್ಡ ಪರಿಣಾಮ ತಡೆಯಲಾಗದು. ಟ್ಯಾಕ್ರೋಲಿಮಸ್ ಅತಿಯಾದರೆ ಕಿಡ್ನಿಗೇ ಕೆಟ್ಟದ್ದು. ಮೂರನ್ನೂ ಸಣ್ಣ ಡೋಸಿನಲ್ಲಿ ಕೊಟ್ಟರೆ ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ.

ಬೆಲಾಟಾಸೆಪ್ಟ್ ಅನ್ನುವ ಇಂಜೆಕ್ಷನ್ ಎರಡನೇ ಸಂಕೇತವನ್ನು ತಡೆಯುತ್ತದೆ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಕಿಡ್ನಿಗೆ ಒಳ್ಳೆಯದು, ಆದರೆ ನೆನಪಿನ ಟಿ ಕೋಶಗಳು ಅದನ್ನು ದಾಟಿಬಿಡುವುದರಿಂದ ಮೊದಲ ವರ್ಷ ತೀವ್ರ ರಿಜೆಕ್ಷನ್ ಜಾಸ್ತಿ ಕಂಡಿದೆ.

ಐದು ವರ್ಷ ಆಯ್ತು, ಆರಾಮಾಗಿದ್ದೀನಿ. ದೇಹ ಒಗ್ಗಿಕೊಂಡಿರಬೇಕು. ಮಾತ್ರೆ ಕಡಿಮೆ ಮಾಡ್ಲಾ?

ನೀವಾಗಿಯೇ ಮಾಡಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಆರಾಮಾಗಿದ್ದೀರಿ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ದೇಹ ಕಿಡ್ನಿಯನ್ನು ತನ್ನದೆಂದು ಒಪ್ಪಿದೆ ಎಂದಲ್ಲ. ಪರೋಕ್ಷ ದಾರಿ ತೆರೆದೇ ಇದೆ, ಟಿ ಕೋಶಗಳು ಕಾಯುತ್ತಲೇ ಇವೆ.

ಮಾತ್ರೆ ತಪ್ಪಿದಾಗ ಆಗುವುದು ಹೀಗೆ. ರಕ್ತದಲ್ಲಿ ಔಷಧಿಯ ಮಟ್ಟ ಏರಿಳಿಯುತ್ತದೆ. ಇಳಿದ ಹೊತ್ತಿನಲ್ಲಿ ಟಿ ಕೋಶಗಳು ಬಿ ಕೋಶಗಳಿಗೆ ಸಹಾಯ ಕೊಡುತ್ತವೆ. ಹೊಸ ಡಿಎಸ್‌ಎ ಹುಟ್ಟುತ್ತದೆ, ಅದರಲ್ಲೂ ಎಚ್‌ಎಲ್‌ಎ-ಡಿಕ್ಯು ಅನ್ನುವ ಬಗೆಯ ಎಚ್‌ಎಲ್‌ಎ ಮೇಲೆ ಹುಟ್ಟುವುದು ಹೆಚ್ಚು. ಮೈಗೆ ಏನೂ ಗೊತ್ತಾಗುವುದಿಲ್ಲ. ಕ್ರಿಯಾಟಿನಿನ್ ಏರುವುದು ತಿಂಗಳು, ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಸೂಕ್ಷ್ಮ ರಕ್ತನಾಳಗಳು ಕೆಟ್ಟಿರುತ್ತವೆ, ಮತ್ತೆ ಮಾತ್ರೆ ಸರಿಯಾಗಿ ತಗೊಂಡರೂ ಹುಟ್ಟಿದ ಆಂಟಿಬಾಡಿ ಸುಲಭವಾಗಿ ಹೋಗುವುದಿಲ್ಲ. ಹದಿಹರೆಯದ ಮಕ್ಕಳಲ್ಲಿ ಇದು ಜಾಸ್ತಿ. ಅವರನ್ನು ಗದರಿಸದೆ ಜೊತೆಗೆ ನಿಂತು ನೆನಪಿಸಿ.

ಅಡ್ಡ ಪರಿಣಾಮ ತಡೆಯಲಾಗುತ್ತಿಲ್ಲವೇ, ಖರ್ಚು ಭಾರವೇ? ಅದನ್ನೇ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮಾತ್ರೆ ಬದಲಿಸುವ ದಾರಿಗಳಿವೆ.

ಇಮ್ಯೂನಿಟಿ ಬೂಸ್ಟರ್ ತಗೊಂಡ್ರೆ ಒಳ್ಳೇದಾ?

ಬೇಡ. ನಿಮ್ಮ ಮಾತ್ರೆಗಳು ತಗ್ಗಿಸುತ್ತಿರುವುದೇ ಆ ಕೋಶಗಳನ್ನು. ಇನ್ನು ಕೆಲವು ಗಿಡಮೂಲಿಕೆ, ಹಣ್ಣುಗಳು ಔಷಧಿಯ ಮಟ್ಟವನ್ನೇ ಬದಲಿಸುತ್ತವೆ. ಗ್ರೇಪ್‌ಫ್ರೂಟ್ ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ, ಸೇಂಟ್ ಜಾನ್ಸ್ ವರ್ಟ್ ಇಳಿಸುತ್ತದೆ. ಜೀವಂತ ವೈರಸ್ಸಿನ ಲಸಿಕೆಗಳನ್ನು ಕಸಿ ಆದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಉಳಿದ ಲಸಿಕೆಗಳನ್ನು ಕೇಳಿ ಹಾಕಿಸಿಕೊಳ್ಳಿ.

ರಿಜೆಕ್ಷನ್ ಅಂತ ಗೊತ್ತಾದ ಮೇಲೆ ಏನು ಮಾಡ್ತಾರೆ?

ಟಿ ಕೋಶದ ರಿಜೆಕ್ಷನ್ ಆದರೆ ಮೊದಲು ದೊಡ್ಡ ಡೋಸಿನ ಮೀಥೈಲ್‌ಪ್ರೆಡ್ನಿಸೋಲೋನ್, ಸಾಮಾನ್ಯವಾಗಿ ಮೂರು ದಿನದ ಆಸುಪಾಸು. ಹೆಚ್ಚಿನವರು ಇದಕ್ಕೇ ಬಗ್ಗುತ್ತಾರೆ. ಬಗ್ಗದಿದ್ದರೆ ಅಥವಾ ರಕ್ತನಾಳಕ್ಕೂ ಹಬ್ಬಿದ್ದರೆ ಎಟಿಜಿ ಕೊಡುತ್ತಾರೆ. ಇದು ಸಾಮಾನ್ಯವಾಗಿ ಮೊಲಗಳಲ್ಲಿ ತಯಾರಿಸಿದ ಆಂಟಿಬಾಡಿ, ಟಿ ಕೋಶಗಳ ಸಂಖ್ಯೆಯನ್ನೇ ಇಳಿಸುತ್ತದೆ. ಆ ದಿನಗಳಲ್ಲಿ ಸೋಂಕಿನ ಭಯ ಜಾಸ್ತಿ.

ಆಂಟಿಬಾಡಿ ರಿಜೆಕ್ಷನ್ ಕಷ್ಟದ್ದು. ಪ್ಲಾಸ್ಮಾ ಬದಲಿಸಿ ಇರುವ ಆಂಟಿಬಾಡಿ ತೆಗೆಯುತ್ತಾರೆ, ಐವಿಐಜಿ (ಹಲವು ರಕ್ತದಾನಿಗಳ ಆಂಟಿಬಾಡಿಗಳ ಇಂಜೆಕ್ಷನ್) ಕೊಡುತ್ತಾರೆ. ಆದರೆ ಆಂಟಿಬಾಡಿ ಮಾಡುವ ಪ್ಲಾಸ್ಮಾ ಕೋಶ ಅಲ್ಲೇ ಇರುತ್ತದೆ. ರಿಟುಕ್ಸಿಮ್ಯಾಬ್ ಗುರಿ ಇಡುವ ಸಿಡಿ20 ಬಿ ಕೋಶದ ಮೇಲಿದೆ, ಬಲಿತ ಪ್ಲಾಸ್ಮಾ ಕೋಶದ ಮೇಲಿಲ್ಲ. ತೆಗೆದಷ್ಟೂ ಮತ್ತೆ ತುಂಬಿಕೊಳ್ಳುವುದು ಇದಕ್ಕೆ. ಈಚೆಗೆ ಫೆಲ್ಜಾರ್ಟಮ್ಯಾಬ್ ಅನ್ನುವ ಔಷಧಿಯ ಮೇಲೆ ಆಸೆ ಹುಟ್ಟಿದೆ. ಅದು ಗುರಿ ಇಡುವ ಸಿಡಿ38 ಪ್ಲಾಸ್ಮಾ ಕೋಶದಲ್ಲೂ ಇದೆ, ಎನ್‌ಕೆ ಕೋಶದಲ್ಲೂ ಇದೆ. 2024ರಲ್ಲಿ ಬಂದ ಸಣ್ಣ ಪರೀಕ್ಷೆಯ ಫಲಿತಾಂಶ ಚೆನ್ನಾಗಿತ್ತು. ಎನ್‌ಕೆ ಕೋಶದ ಪಾತ್ರವನ್ನು ಅರಿತಿದ್ದರಿಂದ ಅರ್ಥವಾದ ಚಿಕಿತ್ಸೆ ಇದು.

## ಇನ್ನೂ ಆಳಕ್ಕೆ

ವೈರಲ್ ಸೋಂಕು ಬಂದು ಹೋದ ಮೇಲೆ ರಿಜೆಕ್ಷನ್ ಆಯ್ತು. ಎರಡಕ್ಕೂ ನಂಟಿದೆಯಾ?

ಇರಬಹುದು. ಸೋಂಕು ಬಂದಾಗ ದೇಹವಿಡೀ ಸೈಟೋಕೈನ್‌ಗಳು ಏರುತ್ತವೆ, ಕಿಡ್ನಿಯ ಕೋಶಗಳು ಎಚ್‌ಎಲ್‌ಎ ಹೆಚ್ಚು ತೋರಿಸುತ್ತವೆ. ಸೋಂಕಿಗೆಂದು ಮಾತ್ರೆ ತಗ್ಗಿಸಿದ್ದರೆ ಅದೂ ಸೇರಿಕೊಳ್ಳುತ್ತದೆ. ಇನ್ನೊಂದು ವಿಚಿತ್ರ ಆದರೆ ನಿಜವಾದ ಸಂಗತಿ: ಒಂದು ವೈರಸ್ಸನ್ನು ಗುರುತಿಸಲು ಕಲಿತ ಟಿ ಕೋಶ, ಬೇರೆಯವರ ಎಚ್‌ಎಲ್‌ಎಯನ್ನೂ ಅದೇ ಎಂದು ಹಿಡಿಯಬಹುದು. ಎಪ್‌ಸ್ಟೀನ್-ಬಾರ್ ವೈರಸ್ಸಿನ ಟಿ ಕೋಶಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಹಿಂದೆ ಕಸಿ, ಹೆರಿಗೆ, ರಕ್ತ ಯಾವುದೂ ಆಗದವರಲ್ಲೂ ದಾನಿಯ ವಿರುದ್ಧ ನೆನಪಿನ ಟಿ ಕೋಶಗಳು ಸಿಗುವುದಕ್ಕೆ ಇದು ಒಂದು ವಿವರಣೆ.

ಎಲ್ಲ ಟಿ ಸೆಲ್‌ಗಳೂ ಕೆಟ್ಟವೇನಾ? ಮಾತ್ರೆ ಇಲ್ಲದೆ ಬದುಕೋ ದಿನ ಬರುತ್ತಾ?

ಕೆಟ್ಟ ಟಿ ಕೋಶ ಅಂತ ಯಾವುದೂ ಇಲ್ಲ. ಕಿಡ್ನಿಯ ಮೇಲೆ ಬೀಳುವ ಕೋಶವೇ ನಾಳೆ ಸೋಂಕಿನಿಂದ ನಿಮ್ಮನ್ನು ಉಳಿಸುವುದು. ಇವುಗಳ ನಡುವೆ ಉಳಿದವನ್ನು ತಣ್ಣಗೆ ಮಾಡುವ ಒಂದು ಬಗೆಯೂ ಇದೆ, ರೆಗ್ಯುಲೇಟರಿ ಟಿ ಕೋಶ. ಶಿಮೋನ್ ಸಕಾಗುಚಿ 1995ರಲ್ಲಿ ಇವನ್ನು ತೋರಿಸಿದರು. ಇವಕ್ಕೆ ಫಾಕ್ಸ್‌ಪಿ3 ಅನ್ನುವ ಜೀನ್ ಬೇಕು. ಸಕಾಗುಚಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಇದಕ್ಕಾಗಿ 2025ರ ನೊಬೆಲ್ ಸಿಕ್ಕಿತು.

ರೋಗಿಯ ರಕ್ತದಿಂದ ಈ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ಕೊಡುವ ಪ್ರಯತ್ನ ನಡೆದಿದೆ. ಸುರಕ್ಷಿತ ಎಂದು ಕಂಡಿದೆ, ಕೆಲವರಲ್ಲಿ ಮಾತ್ರೆ ತಗ್ಗಿಸಲೂ ಆಗಿದೆ. ಇನ್ನೊಂದು ದಾರಿ, ಕಿಡ್ನಿಯ ಜೊತೆಗೆ ಅದೇ ದಾನಿಯ ಅಸ್ಥಿಮಜ್ಜೆ ಅಥವಾ ಕಾಂಡಕೋಶಗಳನ್ನೂ ಕೊಡುವುದು. ಎರಡೂ ಬಗೆಯ ರಕ್ತಕೋಶಗಳು ಒಂದೇ ದೇಹದಲ್ಲಿ ಇದ್ದರೆ ಥೈಮಸ್ ದಾನಿಯನ್ನೂ ತನ್ನದೆಂದು ಕಲಿಯಬಹುದು. ಬೋಸ್ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಇದರಿಂದ ಕೆಲವರು ವರ್ಷಗಟ್ಟಲೆ ಮಾತ್ರೆ ಇಲ್ಲದೆ ಇದ್ದಾರೆ. ಆದರೆ ದಾನಿಯ ಕೋಶಗಳೇ ರೋಗಿಯ ದೇಹದ ಮೇಲೆ ತಿರುಗಿಬೀಳುವ ಅಪಾಯ ಇದೆ. ಹಾಗಾಗಿ ಇವು ಇನ್ನೂ ಆಯ್ದ ಕೇಂದ್ರಗಳ ಪ್ರಯೋಗಗಳು. ನಾನು ಆಸೆ ಇಟ್ಟುಕೊಂಡಿದ್ದೇನೆ, ಆದರೆ ಇದನ್ನು ನಂಬಿ ಯಾರೂ ಇವತ್ತಿನ ಮಾತ್ರೆ ಬಿಡಬಾರದು.

ಹಂದಿ ಕಿಡ್ನಿಯಲ್ಲೂ ಇದೇ ಕೋಶಗಳು ದಾಳಿ ಮಾಡುತ್ತವಾ?

ಅವೇ, ಆದರೆ ಸರದಿ ಬೇರೆ. ಹಂದಿಯ ಕೋಶಗಳ ಮೇಲೆ ಆಲ್ಫಾ-ಗ್ಯಾಲ್ ಅನ್ನುವ ಸಕ್ಕರೆ ಇದೆ. ನಮ್ಮ ದೇಹದಲ್ಲಿ ಅದರ ವಿರುದ್ಧ ಆಂಟಿಬಾಡಿ ಮೊದಲೇ ಇರುವುದರಿಂದ ಮಾಮೂಲಿ ಹಂದಿ ಕಿಡ್ನಿ ಗಂಟೆಗಳಲ್ಲೇ ಹಾಳಾಗುತ್ತದೆ. ಆ ಸಕ್ಕರೆ ಮಾಡುವ ಜೀನ್ ತೆಗೆದುಹಾಕಿದರೆ ಮೊದಲ ಗಂಡಾಂತರ ದಾಟಬಹುದು.

2024ರ ಮಾರ್ಚ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 69 ಜೀನ್ ಬದಲಾವಣೆ ಮಾಡಿದ ಹಂದಿಯ ಕಿಡ್ನಿಯನ್ನು ಬದುಕಿರುವ ರೋಗಿಗೆ ಮೊದಲ ಬಾರಿ ಹಾಕಿದರು. ಕಿಡ್ನಿ ಕೆಲಸ ಮಾಡಿತು, ಡಯಾಲಿಸಿಸ್ ನಿಂತಿತು. ಎಂಟನೇ ದಿನ ಟಿ ಕೋಶದ ರಿಜೆಕ್ಷನ್ ಕಂಡಿತು, ಚಿಕಿತ್ಸೆಗೆ ಬಗ್ಗಿತು. ರೋಗಿ 52ನೇ ದಿನ ಹೃದಯದ ಕಾರಣದಿಂದ ತೀರಿಕೊಂಡರು. ಆಗ ಕಿಡ್ನಿಯಲ್ಲಿ ರಿಜೆಕ್ಷನ್ ಇರಲಿಲ್ಲ. ಆಂಟಿಬಾಡಿಯ ತಡೆಯನ್ನು ಜೀನ್ ಬದಲಿಸಿ ದಾಟಿದರೂ ಟಿ ಕೋಶ ಎಂಟೇ ದಿನಕ್ಕೆ ಬಂದು ನಿಂತಿತು. ಈಗಿನ ಪ್ರಯತ್ನಗಳಲ್ಲಿ ಟಿ ಕೋಶದ ಎರಡನೇ ಸಂಕೇತ ತಡೆಯುವ ಔಷಧಿಗಳನ್ನೂ, ಕಾಂಪ್ಲಿಮೆಂಟ್ ತಡೆಯುವ ಔಷಧಿಗಳನ್ನೂ ಮೊದಲ ದಿನದಿಂದಲೇ ಜೊತೆ ಸೇರಿಸುತ್ತಾರೆ.